ಕರೆಂಟ್ ಹೋಗಿ ಬಂದರೂ ಅದೇ ಬೆಳಕು

ಆಳಂದ ಕಡೆಯ ಒಂದು ಹಳ್ಳಿ. ಜಾತ್ರೆಯ ರಾತ್ರಿ, ನಾಟಕ ಅರ್ಧ ದಾಟಿತ್ತು. ತಾಯಿ ಮಗನ ಹೆಣದ ಮುಂದೆ ಕೂತು ಅಳುವ ದೃಶ್ಯ. ಆ ಪಾತ್ರ ಮಾಡಿದವರು ಎಷ್ಟು ಚೆನ್ನಾಗಿ ಅಳುತ್ತಿದ್ದರು ಅಂದರೆ, ಮುಂದೆ ಜಮಖಾನೆ ಮೇಲೆ ಕೂತ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತು. ಲೈಟ್ ಬಂದವು, ಆದರೆ ಮೊದಲಿದ್ದ ನೀಲಿ ಬೆಳಕು ಬರಲಿಲ್ಲ. ಕೆಂಪು, ಹಸಿರು, ಗುಲಾಬಿ, ಹಳದಿ ಅಂತ ಮದುವೆ ಬರಾತಿನಲ್ಲಿ ಕುಣಿದ ಹಾಗೆ ಕುಣಿಯತೊಡಗಿದವು. ಹಿಂದೆ ನಿಂತ ಹುಡುಗರು ಸೀಟಿ ಹೊಡೆದರು. ಆ ತಾಯಿ ಮಾತ್ರ ಅಳು ನಿಲ್ಲಿಸಲಿಲ್ಲ.

ಲೈಟಿನ ಹುಡುಗನಿಗೆ ಅದನ್ನು ಸರಿ ಮಾಡಲು ನಾಲ್ಕು ನಿಮಿಷ ಹಿಡಿಯಿತು. ದೃಶ್ಯವೇ ಮುಗಿದಿತ್ತು.

ನಾಟಕ ಮುಗಿದ ಮೇಲೆ ಮೈಕ್ ಅಂಗಡಿ ಕಾಕಾನ ಹತ್ತಿರ ಹೋಗಿ ಕೇಳಿದೆ. "ಕಾಕಾ, ಲೈಟ್ ಯಾಕ ಹಂಗ ಕುಣದ್ವು?" ಅವರು ವೈರ್ ಸುತ್ತುತ್ತಲೇ ಹೇಳಿದರು: "ಏನ್ ಮಾಡ್ಲೋ ತಮ್ಮಾ, ಕರೆಂಟ್ ಹೋಗಿ ಬಂದ್ರ ಅವಕ್ಕ ಹುಚ್ಚು ಹಿಡೀತದ. ನೀ ಇನ್ವರ್ಟರ್ ರಿಪೇರಿ ಮಾಡ್ತಿ ಅಲ್ಲ, ಇದಕ್ಕೂ ಏನರೆ ಮಾಡಿ ಕೊಡು."

ಆಗ ನಾನು ಕಲಬುರಗಿಯಲ್ಲಿ ಇನ್ವರ್ಟರ್, ಯುಪಿಎಸ್ ಸರ್ವಿಸ್ ಮಾಡುತ್ತಿದ್ದೆ. 11 ವರ್ಷ ಅದೇ ಕೆಲಸ. ರಾತ್ರಿಯ ಪ್ರೀತಿ ಬೇರೆ ಇತ್ತು, ನಾಟಕದ ಲೈಟ್. ಕಾಲೇಜಿನಲ್ಲಿದ್ದಾಗ ಹವ್ಯಾಸಿ ತಂಡದವರು ನಾಟಕ ಮಾಡುವಾಗ ನನ್ನನ್ನು ವೈರ್ ಎಳೆಯಲು ಕರೆದರು. ವೈರ್ ಎಳೆಯುತ್ತಾ ಲೈಟ್ ಹಿಡಿದೆ. ಎಣ್ಣೆ ಡಬ್ಬಿ ಕತ್ತರಿಸಿ ಒಳಗೆ ಬಲ್ಬ್ ಕೂಡಿಸಿ, ಮುಂದೆ ಬಣ್ಣದ ಹಾಳೆ ಅಂಟಿಸಿ ನಮ್ಮ ಮೊದಲ ಸ್ಪಾಟ್ ಮಾಡಿದ್ದೆವು. ಆಮೇಲೆ ಎಸ್. ಎಂ. ಪಂಡಿತ ರಂಗಮಂದಿರದಲ್ಲಿ ನಾಟಕ ಇದ್ದಾಗಲೆಲ್ಲ, ಕೆಲಸ ಮುಗಿಸಿ ಸೀದಾ ಅಲ್ಲಿಗೇ ಹೋಗುತ್ತಿದ್ದೆ. ದೊಡ್ಡವರ ಹಿಂದೆ ಕೂತು ನೋಡುತ್ತಿದ್ದೆ. ಒಂದು ಮುಖದ ಮೇಲಿನ ಬೆಳಕನ್ನು 30 ಸೆಕೆಂಡ್ ಹಿಡಿದು ಮೆಲ್ಲಗೆ ಇಳಿಸಿದರೆ ಸಭೆಯಲ್ಲಿ ಕೆಮ್ಮು ಕೂಡ ನಿಲ್ಲುತ್ತದೆ. ಅದನ್ನು ಒಮ್ಮೆ ನೋಡಿದವನು ಲೈಟ್ ಬಿಡುವುದಿಲ್ಲ.

ಆದರೆ ನಮ್ಮ ಕಡೆ ಜಾಸ್ತಿ ನಾಟಕ ನಡೆಯುವುದು ರಂಗಮಂದಿರದಲ್ಲಿ ಅಲ್ಲ. ಜಾತ್ರೆಯಲ್ಲಿ, ಗುಡಿ ಮುಂದೆ, ಶಾಲೆ ಗ್ಯಾದರಿಂಗ್‌ನಲ್ಲಿ. ಅಲ್ಲಿಗೆ ಲೈಟ್ ಹೋಗುವುದು ಮೈಕ್ ಅಂಗಡಿಯಿಂದ. ಅದೇ ಟೆಂಪೊದಲ್ಲಿ ಸ್ಪೀಕರ್ ಜೊತೆ ಎಂಟು ಎಲ್‌ಇಡಿ ಪಾರ್, ಅಂದರೆ ಬಣ್ಣ ಬದಲಿಸುವ ಸ್ಟೇಜ್ ಲೈಟ್, ಹೋಗುತ್ತವೆ. ಅವು ಡಿಜೆಗೆ ಅಂತ ತಂದವು. ನಾಟಕಕ್ಕೆ ಅಂತ ಯಾರೂ ಏನೂ ತಂದಿಲ್ಲ. ನನಗೆ ಕಾಡಿದ್ದು ಇದೇ. ರಾತ್ರಿ ಪೂರ್ತಿ ಎದ್ದು ಆಡುವ ಕಲಾವಿದರಿಗೆ, ನಿಂತು ಉರಿಯುವ ಒಂದು ಬೆಳಕನ್ನಾದರೂ ಕೊಡಬೇಕಲ್ವಾ?

ಲೈಟ್‌ಗೆ ಯಾಕೆ ಹುಚ್ಚು ಹಿಡಿಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಪಾರ್‌ಗಳು ಡಿಎಂಎಕ್ಸ್ 512 ಅನ್ನುವ ಭಾಷೆಯಲ್ಲಿ ಆಜ್ಞೆ ಕೇಳುತ್ತವೆ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಮಾಡಿದ ಪದ್ಧತಿ, ಇವತ್ತಿಗೂ ಜಗತ್ತಿನ ಹೆಚ್ಚಿನ ರಂಗಗಳಲ್ಲಿ ಅದೇ ನಡೆಯುತ್ತದೆ. ಒಂದೇ ವೈರ್‌ನಲ್ಲಿ 512 ಚಾನಲ್, ಒಂದೊಂದಕ್ಕೂ 0ಯಿಂದ 255ರವರೆಗೆ ಒಂದು ಅಂಕಿ, ಸೆಕೆಂಡಿಗೆ ಸುಮಾರು 44 ಸಲದವರೆಗೆ ಮತ್ತೆ ಮತ್ತೆ ಹೇಳುತ್ತಲೇ ಇರಬೇಕು. ಹೇಳುವುದು ನಿಂತರೆ ಕೆಲವು ಪಾರ್‌ಗಳು ಕತ್ತಲಾಗುತ್ತವೆ, ಕೆಲವು ಇದ್ದ ಹಾಗೆ ಇರುತ್ತವೆ, ಕೆಲವು ತಮ್ಮ ಆಟೋ ಪ್ರೋಗ್ರಾಂಗೆ ಹೋಗಿ ಬಣ್ಣ ಬದಲಿಸತೊಡಗುತ್ತವೆ. ಕರೆಂಟ್ ಬಂದಾಗ ಪಾರ್ ಬೇಗ ಎಚ್ಚರಾಗುತ್ತದೆ. ಆಜ್ಞೆ ಕಳಿಸುವ ಅಗ್ಗದ ಕಂಟ್ರೋಲರ್ ಎಚ್ಚರಾದರೂ ಅದಕ್ಕೆ ಹಿಂದಿನದು ನೆನಪಿರುವುದಿಲ್ಲ. ಸಮಸ್ಯೆ ಇಷ್ಟೇ.

ಹಾಗಾಗಿ ಲೈಟ್‌ಗಳಿಗೆ ಆಜ್ಞೆ ಕಳಿಸುವ ಕಂಟ್ರೋಲರ್ ಬಾಕ್ಸ್ ಒಂದನ್ನು ನಾನೇ ಮಾಡಲು ಹೊರಟೆ, ಅದಕ್ಕೆ ಒಂದೇ ಶರತ್ತು ಹಾಕಿಕೊಂಡೆ. ಕರೆಂಟ್ ಬಂದ ಅರ್ಧ ಸೆಕೆಂಡಿನೊಳಗೆ, ಹೋಗುವಾಗ ಇದ್ದ ಅದೇ ಬೆಳಕನ್ನು ಅದು ಕಳಿಸಬೇಕು. ಬೆಳಕು ಏರಿಸಿ ಇಳಿಸುವ ಎಂಟು ಸ್ಲೈಡರ್, ಎಂಟು ಬಟನ್, ಪ್ರೋಗ್ರಾಂ ಓಡಿಸುವ ಒಂದು ಇಎಸ್‌ಪಿ32 ಚಿಪ್. ಬೆಳಕಿನ ಸ್ಥಿತಿಯನ್ನು ಸೆಕೆಂಡಿಗೊಮ್ಮೆ ಬರೆದಿಡಬೇಕಿತ್ತು. ಮಾಮೂಲಿ ಫ್ಲ್ಯಾಶ್ ಮೆಮೊರಿಯ ಒಂದು ಜಾಗದಲ್ಲಿ ಸುಮಾರು ಒಂದು ಲಕ್ಷ ಸಲ ಬರೆಯಬಹುದು. ಸೆಕೆಂಡಿಗೊಂದು ಅಂದರೆ 28 ತಾಸಿನೊಳಗೆ ಅದರ ಆಯುಸ್ಸು ಮುಗಿಯುತ್ತದೆ, ನಾಲ್ಕು ರಾತ್ರಿಯ ನಾಟಕ ಅಷ್ಟೇ. ಎಫ್-ರ‍್ಯಾಮ್ ಅನ್ನುವ ಬೇರೆ ಚಿಪ್ ಹಾಕಿದೆ, ಅದಕ್ಕೆ ಈ ತೊಂದರೆ ಇಲ್ಲ. ಇದನ್ನು ಹುಡುಕಲು ಎರಡು ಸಲ ಹೈದರಾಬಾದಿಗೆ ಹೋದೆ, ಕೋಠಿಯ ಗುಜರಾತಿ ಗಲ್ಲಿಗೆ. ಎಲೆಕ್ಟ್ರಾನಿಕ್ಸ್ ಮಾಡುವ ನಮ್ಮ ಕಡೆಯವರಿಗೆಲ್ಲ ಆ ಗಲ್ಲಿ ಗೊತ್ತು. ಬೆಂಗಳೂರಿಗಿಂತ ನಮಗೆ ಅದೇ ಹತ್ತಿರ.

ಮೊದಲ ಬಾಕ್ಸ್ ಕಾಕಾಗೆ ಕೊಟ್ಟೆ. ಒಂದು ತಿಂಗಳು ಇಟ್ಟುಕೊಂಡು ಅವರೇ ರೊಕ್ಕ ತಂದು ಕೊಟ್ಟರು. ಆ ರೊಕ್ಕಕ್ಕೆ ಇನ್ನಷ್ಟು ಸೇರಿಸಿ ಹತ್ತು ಬಾಕ್ಸ್ ಮಾಡಿದೆ. ಹತ್ತೂ ಹೋದವು. ಜೇವರ್ಗಿ, ಸೇಡಂ, ಚಿಂಚೋಳಿ, ಹುಮನಾಬಾದ್. ಎರಡು ತಿಂಗಳಲ್ಲಿ ಏಳು ವಾಪಸ್ ಬಂದವು.

ಏಳರಲ್ಲೂ ಒಂದೇ ಚಿಪ್ ಸುಟ್ಟಿತ್ತು, ಡಿಎಂಎಕ್ಸ್ ಹೊರಗೆ ಕಳಿಸುವ ಮ್ಯಾಕ್ಸ್ 485. ಬದಲಿಸಿ ಕೊಟ್ಟೆ, ಮತ್ತೆ ಸುಟ್ಟಿತು. ಮನೆಯ ಟೇಬಲ್ ಮೇಲೆ ದಿನಗಟ್ಟಲೆ ಓಡಿಸಿದರೂ ಏನೂ ಆಗುತ್ತಿರಲಿಲ್ಲ. ಕೊನೆಗೆ ಬ್ಯಾಗಿನಲ್ಲಿ ಮೀಟರ್ ಹಾಕಿಕೊಂಡು ಸೇಡಂ ಹತ್ತಿರದ ಒಂದು ಜಾತ್ರೆಗೆ ಹೋಗಿ ಸ್ಟೇಜ್ ಕೆಳಗೆ ಕೂತೆ. ಅಲ್ಲಿ ಗೊತ್ತಾಯಿತು. ಮೈಕ್‌ನ ಮಿಕ್ಸರ್ ಮತ್ತು ನನ್ನ ಬಾಕ್ಸ್‌ಗೆ ಕರೆಂಟ್ ಬಂದದ್ದು ಗುಡಿಯ ಲೈನ್‌ನಿಂದ. ಸ್ಟೇಜ್ ಮೇಲಿನ ಪಾರ್‌ಗಳಿಗೆ ಜನರೇಟರ್‌ನಿಂದ. ಎರಡರ ಅರ್ಥಿಂಗ್ ಬೇರೆ ಬೇರೆ. ನಡುವೆ ಮೀಟರ್ ಹಿಡಿದರೆ 38 ವೋಲ್ಟ್! ಆ ಚಿಪ್ ತಡೆಯುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ನಾನು ಇನ್ವರ್ಟರ್ ಕೆಲಸದ ರೂಢಿಯಲ್ಲಿ ಪವರ್ ಸಪ್ಲೈನ ಮೈನಸ್ ಅನ್ನು ಅರ್ಥಿಂಗ್‌ಗೆ ಕೂಡಿಸಿದ್ದೆ. ಹಾಗಾಗಿ ಎರಡು ಅರ್ಥಿಂಗ್‌ಗಳ ಜಗಳ ಪೂರ್ತಿ ನನ್ನ ಚಿಪ್ ಮೇಲೆ ಬೀಳುತ್ತಿತ್ತು. ತಪ್ಪು ನನ್ನದೇ.

ಅವತ್ತಿನಿಂದ ಎಲ್ಲ ಬಾಕ್ಸ್‌ನಲ್ಲೂ ಐಸೊಲೇಟೆಡ್ ಚಿಪ್ ಹಾಕುತ್ತೇನೆ. ಒಳಗಿನ ಸರ್ಕ್ಯೂಟ್‌ಗೂ ಹೊರಗೆ ಹೋಗುವ ವೈರ್‌ಗೂ ನೇರ ಸಂಬಂಧವೇ ಇಲ್ಲ. ಕರೆಂಟ್‌ಗೆ ಬಿಐಎಸ್ ಮುದ್ರೆ ಇರುವ 12 ವೋಲ್ಟ್ ಅಡಾಪ್ಟರ್. ಒಂದು ಬಾಕ್ಸ್‌ಗೆ 450 ರೂಪಾಯಿ ಖರ್ಚು ಹೆಚ್ಚಾಯಿತು. ಆಮೇಲೆ ಆ ಚಿಪ್ ಸುಟ್ಟು ಒಂದು ಬಾಕ್ಸೂ ವಾಪಸ್ ಬಂದಿಲ್ಲ. ಹಳೆಯ ಹತ್ತನ್ನೂ ನಾನೇ ಊರೂರಿಗೆ ಹೋಗಿ ಬದಲಿಸಿ ಕೊಟ್ಟೆ, ರೊಕ್ಕ ತಗೊಳ್ಳಲಿಲ್ಲ. ಆ ವರ್ಷ ಉಳಿದದ್ದು ಏನೂ ಇಲ್ಲ, ಆದರೆ ಇವತ್ತಿಗೂ ನನಗೆ ಗಿರಾಕಿ ಕಳಿಸುವವರು ಆ ಹತ್ತು ಜನರೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 38 ವೋಲ್ಟ್ ಅಂದರೆ ನನ್ನ ಚಿಪ್‌ನ ಸಮಸ್ಯೆ ಮಾತ್ರ ಅಲ್ಲ. ಒಂದು ಕೈಯಲ್ಲಿ ಮೈಕ್, ಇನ್ನೊಂದು ಕೈಯಲ್ಲಿ ಪೆಂಡಾಲ್‌ನ ಕಬ್ಬಿಣದ ಕಂಬ ಹಿಡಿದ ಕಲಾವಿದರ ಸಮಸ್ಯೆ ಅದು. ಬೆವರಿದ ಮೈ, ಬರಿಗಾಲು. ದಯವಿಟ್ಟು ಜನರೇಟರ್ ಹತ್ತಿರ ಒಂದು ರಾಡ್ ಹೊಡೆದು, ನೀರು ಹಾಕಿ, ಅರ್ಥಿಂಗ್ ಸರಿ ಮಾಡಿ. ಅರ್ಧ ತಾಸಿನ ಕೆಲಸ. ನಾನು ಬಾಕ್ಸ್ ಕೊಡಲು ಹೋದಲ್ಲೆಲ್ಲ ಇದನ್ನು ಮಾಡಿಸದೆ ಬರುವುದಿಲ್ಲ.

ಬಿಸಿಲಿನ ಕಥೆಯೂ ಇದೆ. ಮೊದಲು ಡಬ್ಬಿಯನ್ನು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಸಿದ್ದೆ, ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ. ಅದು 60 ಡಿಗ್ರಿಗೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಕಲಬುರಗಿಯಲ್ಲಿ ನೆರಳಲ್ಲೇ 42-43 ಡಿಗ್ರಿ ಇರುತ್ತದೆ, ಇನ್ನು ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಟೆಂಪೊ ಒಳಗೆ ಎಷ್ಟಾಗಬಹುದು? ಒಂದು ಬಾಕ್ಸ್ ಹಪ್ಪಳದ ಹಾಗೆ ಬಾಗಿ ಬಂತು. ಈಗ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಶೆಡ್‌ನಲ್ಲಿ ತಗಡಿನ ಡಬ್ಬಿ ಮಾಡಿಸುತ್ತೇನೆ. ತೂಕ ಜಾಸ್ತಿ, ಆದರೆ ಅದರ ಮೇಲೆ ಆಂಪ್ಲಿಫೈಯರ್ ಇಟ್ಟರೂ ಏನೂ ಆಗುವುದಿಲ್ಲ. ಇಟ್ಟೇ ಇಡುತ್ತಾರೆ. ಧೂಳು ಸ್ಲೈಡರ್ ಒಳಗೆ ಹೋಗಿ ಬೆಳಕು ಮಿಣುಕುತ್ತಿತ್ತು. ಸ್ಲೈಡರ್ ಕೆಳಗೆ ತೆಳ್ಳಗಿನ ಫೆಲ್ಟ್ ಬಟ್ಟೆ ಅಂಟಿಸಿದೆ, ಒಂದೆರಡು ಅಂಕಿಯ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಪ್ರೋಗ್ರಾಂನಲ್ಲಿ ಬರೆದೆ. ಸರಿಹೋಯಿತು.

ವೈರ್ ವಿಷಯ ಕೇಳುವವರು ಬಹಳ ಜನ. ಡಿಎಂಎಕ್ಸ್‌ಗೆ ಅದರದೇ ವೈರ್ ಇದೆ, ಆದರೆ ಹಳ್ಳಿಯಲ್ಲಿ ಮೈಕ್ ವೈರ್‌ನಲ್ಲೇ ಕೆಲಸ ನಡೆಸುತ್ತಾರೆ. ದೂರ ಜಾಸ್ತಿಯಾದರೆ ಸಿಗ್ನಲ್ ಕೊನೆಗೆ ಬಡಿದು ವಾಪಸ್ ಬರುತ್ತದೆ, ಲೈಟ್ ತಾನಾಗೇ ಮಿಂಚುತ್ತದೆ. ಕೊನೆಯ ಪಾರ್‌ನ ಔಟ್‌ನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಹಾಕಿದ ಪ್ಲಗ್ ಚುಚ್ಚಿದರೆ ಹೆಚ್ಚು ಕಡೆ ಆ ಮಿಂಚುವುದು ನಿಲ್ಲುತ್ತದೆ. ರೆಸಿಸ್ಟರ್‌ಗೆ ಒಂದೆರಡು ರೂಪಾಯಿ. ಪ್ರತಿ ಬಾಕ್ಸ್ ಜೊತೆ ಆ ಪ್ಲಗ್ ಪುಕ್ಕಟೆ ಕೊಡುತ್ತೇನೆ. ಕಳೆದುಕೊಂಡರೆ ಮತ್ತೆ ಕೊಡುತ್ತೇನೆ.

ಲೆಕ್ಕ ಕೇಳಿದವರಿಗೆ ಲೆಕ್ಕವನ್ನೂ ಹೇಳುತ್ತೇನೆ. ಒಂದು ಬಾಕ್ಸ್‌ಗೆ ಸಾಮಾನು, ಡಬ್ಬಿ, ಅಡಾಪ್ಟರ್ ಸೇರಿ ಸುಮಾರು 3,800 ರೂಪಾಯಿ ಬೀಳುತ್ತದೆ. 6,500ಕ್ಕೆ ಮಾರುತ್ತೇನೆ. ಪೇಟೆಯಲ್ಲಿ ಸಿಗುವ 192 ಚಾನಲ್ ಬೋರ್ಡ್ ಇದಕ್ಕಿಂತ ಅಗ್ಗ, ಅದನ್ನು ನಾನೇ ಮೊದಲು ಹೇಳುತ್ತೇನೆ. ಡಿಜೆ ಮಾಡುವವರಿಗೆ ಅದೇ ಸಾಕು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ ಆಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಂತ ಸುಮ್ನಿದ್ದೆ. ಆದರೆ ಸೊಲ್ಲಾಪುರದಿಂದ ಆರ್ಡರ್ ಬಂದಾಗ ಗೊತ್ತಾಯಿತು, ಬೇರೆ ರಾಜ್ಯಕ್ಕೆ ಸರಕು ಕಳಿಸುವುದಾದರೆ ಒಂದೇ ಬಾಕ್ಸ್ ಆದರೂ ನೋಂದಣಿ ಬೇಕೇ ಬೇಕು. ನಮ್ಮ ಜಿಲ್ಲೆಯವರಿಗೆ ಎರಡೂ ಕಡೆ ಗಡಿ ಹತ್ತಿರ, ಇದನ್ನು ಮೊದಲೇ ತಿಳಿದುಕೊಳ್ಳಿ. ಪೂರ್ತಿ ಹೊತ್ತಿನ ಇನ್ವರ್ಟರ್ ಕೆಲಸ ಬಿಟ್ಟದ್ದು 60ನೇ ಬಾಕ್ಸ್ ಹೋದ ಮೇಲೆ. ಅವ್ವ ಒಂದು ವಾರ ಮಾತಾಡಲಿಲ್ಲ. ಈಗ ಅವಳೇ ಬಟನ್ ಮೇಲಿನ ಸ್ಟಿಕರ್ ಅಂಟಿಸುತ್ತಾಳೆ, ಒಂದೂ ಓರೆ ಆಗುವುದಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಇರುವುದಿಲ್ಲ, ಆಗ ಹಳೆಯ ಇನ್ವರ್ಟರ್ ಕೆಲಸವೇ ಮನೆ ನಡೆಸುತ್ತದೆ. ಡಿಸೆಂಬರ್‌ನಲ್ಲಿ ಗ್ಯಾದರಿಂಗ್ ಶುರುವಾದರೆ ಜಾತ್ರೆಗಳು ಮುಗಿಯುವ ತನಕ ಬಿಡುವಿಲ್ಲ.

ಸ್ಟಿಕರ್ ಎಲ್ಲ ಕನ್ನಡದಲ್ಲೇ ಇವೆ. ಹಗಲು, ರಾತ್ರಿ, ಸಂಜೆ, ಬೆಂಕಿ, ದರ್ಬಾರು, ಕಾಡು, ಕತ್ತಲು. ಸ್ಲೈಡರ್‌ಗೆ ಹುಡುಗರು 'ವಾಲ್ಯೂಮ್' ಅನ್ನುತ್ತಾರೆ. "ಸರ್, ನೀಲಿ ವಾಲ್ಯೂಮ್ ಎಷ್ಟ್ ಇಡ್ಲಿ?" ಅಂತ ಫೋನ್ ಬರುತ್ತದೆ. ಎಂಥ ಸರಿಯಾದ ಮಾತು ಅದು, ನಾನೂ ಈಗ ಹಾಗೇ ಅನ್ನುತ್ತೇನೆ. ಎಂಟನೆಯ ಬಟನ್‌ಗೆ ಹೆಸರು ಇಟ್ಟಿರಲಿಲ್ಲ, ಖಾಲಿ ಬಿಟ್ಟಿದ್ದೆ.

ಹೋದ ಸಲ ಹೋಳಿ ಆದ ಮೇಲೆ, ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ, ದೊಡ್ಡಾಟ ಕಲಿಸುವ ಒಬ್ಬ ಹಿರಿಯರು ಸಿಕ್ಕರು. ನನ್ನ ಬೆಳಕು ನೋಡಿದ್ದರಂತೆ. ಹತ್ತಿರ ಕೂಡಿಸಿಕೊಂಡು ಹೇಳಿದರು: "ಬೆಳಕ ನಿಂತದ, ಛಲೋ ಆಗ್ಯಾದ. ಆದ್ರ ಕಿರೀಟ ಹೊಳೀವಲ್ದು. ಗ್ಯಾಸ್ ಬತ್ತಿ ಮುಂದ ಆ ಬೇಗಡಿ ಹೆಂಗ ಹೊಳೀತಿತ್ತು! ಮಾರಿ ಮ್ಯಾಲಿನ ಬಣ್ಣಾನೂ ಸತ್ತಂಗ ಕಾಣ್ತದ."

ಅವರು ಹೇಳಿದ್ದು ಪೂರ್ತಿ ನಿಜ. ಗ್ಯಾಸ್ ಬತ್ತಿ, ಅಂದರೆ ಪೆಟ್ರೋಮ್ಯಾಕ್ಸ್, ಸ್ಟೇಜ್ ಮುಂದೆ, ಕಲಾವಿದರ ತಲೆಯ ಎತ್ತರಕ್ಕೆ ತೂಗುತ್ತಿತ್ತು, ಅದರ ಬೆಳಕು ಒಂದೇ ಕಡೆಯಿಂದ ಚುಕ್ಕಿಯ ಹಾಗೆ ಬರುತ್ತಿತ್ತು. ಕಿರೀಟದ ಬೇಗಡಿ, ಆ ತೆಳ್ಳಗಿನ ಮಿಂಚುವ ಹಾಳೆ, ಹೊಳೆಯಬೇಕಾದರೆ ಬೆಳಕು ಹಾಗೇ ಬರಬೇಕು. ನಮ್ಮ ಪಾರ್‌ಗಳು ಮೇಲಿಂದ ಎಲ್ಲ ಕಡೆ ಚೆಲ್ಲುತ್ತವೆ. ಕೆಂಪು, ಹಸಿರು, ನೀಲಿ ಕೂಡಿಸಿ ಮಾಡಿದ ಬಿಳಿಯಲ್ಲಿ ನಡುವಿನ ಎಷ್ಟೋ ಬಣ್ಣ ಇರುವುದೇ ಇಲ್ಲ. ಅದಕ್ಕೇ ಮುಖದ ಹಳದಿ, ಅರಿಶಿನ, ಕುಂಕುಮ ಮಂಕಾಗುತ್ತವೆ. ಎಷ್ಟು ವಾಲ್ಯೂಮ್ ತಿರುವಿದರೂ ಇಲ್ಲದ ಬಣ್ಣ ಬರುವುದಿಲ್ಲ. ಇದನ್ನು ನನ್ನ ಬಾಕ್ಸ್ ಒಂದೇ ಸರಿಮಾಡಲಾರದು.

ಬೆಚ್ಚಗಿನ ಬಿಳಿಯ ಎರಡು ಎಲ್‌ಇಡಿ ಪಾರ್ ತರಿಸಿದ್ದೇನೆ. ಮುಂದೆ ಇರುವ ಗಾಜು ತೆಗೆದು, ಸಣ್ಣ ತೂತಿನ ತಗಡು ಕೂಡಿಸಿ ನೋಡುತ್ತಿದ್ದೇನೆ. ಶನಿವಾರ ಆ ಹಿರಿಯರ ಊರಿನಲ್ಲಿ ತಾಲೀಮು ಇದೆ. ಎರಡನ್ನೂ ಮುಂದೆ, ತಲೆಯ ಎತ್ತರಕ್ಕೆ ಬಿದಿರಿಗೆ ಕಟ್ಟಬೇಕು. ಹಳೆಯ ಕಿರೀಟ ಪೆಟ್ಟಿಗೆಯಿಂದ ತೆಗೆದಿಡಿ ಅಂತ ಅವರಿಗೆ ಫೋನ್ ಮಾಡಿ ಹೇಳಿದ್ದೇನೆ. ಎಂಟನೆಯ ಬಟನ್‌ಗೆ 'ಗ್ಯಾಸ್ ಬತ್ತಿ' ಅನ್ನುವ ಸ್ಟಿಕರ್ ಅವ್ವ ಕತ್ತರಿಸಿ ಇಟ್ಟಿದ್ದಾಳೆ. ಅವರು ಹೂಂ ಅಂದ ಮೇಲೆ ಅಂಟಿಸುತ್ತೇವೆ.