ಹೊಸ ಕಟ್ಟಿಗೆಯ ಮೇಲಿನ ಬಿಳಿ ಬೂಷ್ಟು

ಕಳೆದ ಮಳೆಗಾಲದ ಕೊನೆಯಲ್ಲಿ ಕಾರವಾರಕ್ಕೆ ಹೋಗಿದ್ದಾಗ, ಕಾಳಿ ನದಿ ಸಮುದ್ರ ಸೇರುವ ಕಡೆಯ ಮರಳಿನ ಮೇಲೆ, ನೆರೆನೀರು ತಂದು ಹಾಕಿದ ಕಸಕಡ್ಡಿಗಳ ನಡುವೆ ಕವಲೊಡೆದ ಬೇರಿನ ತುಂಡೊಂದು ಸಿಕ್ಕಿತು. ತೊಗಟೆ ಪೂರ್ತಿ ಕಳಚಿ, ಉಗುರು ಊರಿದರೂ ಇಳಿಯದಷ್ಟು ಗಟ್ಟಿಯಾಗಿದ್ದ ಅದನ್ನು ಶಿರಸಿಯ ನಮ್ಮ ಮನೆಯ ಎರಡು ಅಡಿ ಉದ್ದದ ಅಕ್ವೇರಿಯಂನಲ್ಲಿ ಇಡಲೆಂದು ಎತ್ತಿಕೊಂಡು ಬಂದೆ. (ಹಿನ್ನೀರಿನ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಗಿಡಗಳ ಬೇರನ್ನು ಮಾತ್ರ, ಒಣಗಿದಂತೆ ಕಂಡರೂ, ಯಾರೂ ಕೀಳಬಾರದು; ಮೀನಿನ ಮರಿಗಳೂ ಏಡಿಗಳೂ ಅದರ ಆಸರೆಯಲ್ಲೇ ಬೆಳೆಯುತ್ತವೆ.)

ಸಮುದ್ರದ ಉಪ್ಪು ಬಿಡಲೆಂದು ಮೂರು ವಾರ ಬಾವಿನೀರಿನಲ್ಲಿ ನೆನೆಸಿ, ದಿನಬಿಟ್ಟು ದಿನ ನೀರು ಬದಲಿಸಿ, ಕೊನೆಗೆ ಎರಡು ತಾಸು ಕುದಿಸಿದೆ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಇದ್ದರೂ ಸ್ಟೀಲ್ ಪಾತ್ರೆಯನ್ನೇ ಬಳಸಿದೆ. ಕಟ್ಟಿಗೆಯಿಂದ ಇಳಿಯುವ ಟ್ಯಾನಿನ್ ಆಮ್ಲಗುಣದ್ದು. ಅದು ತಾಮ್ರವನ್ನು ಕರಗಿಸಿಕೊಂಡರೆ ತೊಟ್ಟಿಯ ಸೀಗಡಿಗಳಿಗೂ ಬಸವನಹುಳುಗಳಿಗೂ ಅದೇ ವಿಷವಾಗುತ್ತದೆ.

ಇಷ್ಟೆಲ್ಲ ಮಾಡಿಯೂ, ತೊಟ್ಟಿಗೆ ಇಳಿಸಿದ ನಾಲ್ಕನೆಯ ದಿನ ಕವಲುಗಳ ತುದಿಯಲ್ಲಿ ಬಿಳಿ ಪೊರೆ ಕಾಣಿಸಿತು. ವಾರ ಕಳೆಯುವಷ್ಟರಲ್ಲಿ ಅದು ಲೋಳೆ ತುಂಬಿದ ಹತ್ತಿಯಂತೆ ಇಡೀ ಬೇರನ್ನು ಮುಚ್ಚಿತು. ಅಪ್ಪಯ್ಯ ಅದನ್ನು ನೋಡಿದವರೇ, “ಇದಕ್ಕೆ ತುಸು ಮೈಲುತುತ್ತದ ನೀರು ಬಿಡು” ಎಂದರು. ಕೊಳೆರೋಗ ತಗುಲಿ ಉದುರಿದ ಅಡಿಕೆಯ ಮೇಲೆ ಇಂಥದೇ ಬಿಳಿ ಬೂಷ್ಟನ್ನು ಕಂಡು, ಪ್ರತಿ ಮಳೆಗಾಲ ಅಡಿಕೆಯ ಗೊನೆಗೊನೆಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸಿದವರಿಗೆ ಹಾಗೆ ತೋರುವುದು ಸಹಜ. ಆದರೆ ತೋಟದಲ್ಲಿ ರೋಗ ಬಂದದ್ದು ಜೀವವಿರುವ ಮರಕ್ಕೆ. ಇಲ್ಲಿ ಬೂಷ್ಟು ತಿನ್ನುತ್ತಿರುವುದು ಸತ್ತ ಕಟ್ಟಿಗೆಯಿಂದ ಒಸರುವ ಸಕ್ಕರೆಯ ಅಂಶವನ್ನು. ಕುದಿಸಿದಾಗ ಮೇಲಿದ್ದ ಶಿಲೀಂಧ್ರ ಸಾಯುತ್ತದೆಯೇ ಹೊರತು ಒಳಗಿನ ಆಹಾರ ಮುಗಿಯುವುದಿಲ್ಲ. ಗಾಳಿಯಲ್ಲೂ ನೀರಿನಲ್ಲೂ ಇರುವ ಬೀಜಕಣಗಳೂ ಬ್ಯಾಕ್ಟೀರಿಯಾಗಳೂ ಮತ್ತೆ ಅದರ ಮೇಲೆ ನೆಲೆಗೊಳ್ಳುತ್ತವೆ. ಆ ಆಹಾರ ತೀರಿದ ದಿನ ಬೂಷ್ಟೂ ತಾನಾಗಿ ತೀರುತ್ತದೆ. ಆದ್ದರಿಂದ ಇದಕ್ಕೆ ಔಷಧಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ಮೈಲುತುತ್ತವೆಂದರೆ ತಾಮ್ರವೇ, ಅಂಗಡಿಯ ಅನೇಕ ಶಿಲೀಂಧ್ರನಾಶಕಗಳೂ ಸೀಗಡಿಗೆ ಅಪಾಯಕಾರಿಯೇ.

ನಿಜವಾಗಿ ಗಮನಿಸಬೇಕಾದದ್ದು ಮೀನುಗಳ ಉಸಿರಾಟವನ್ನು. ಬೂಷ್ಟು ದಟ್ಟವಾದಾಗ ಅದರಲ್ಲಿರುವ ಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಒಂದು ಬೆಳಿಗ್ಗೆ ನನ್ನ ಗಪ್ಪಿ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಆಡಿಸುತ್ತಿದ್ದುದನ್ನು ಕಂಡು ಎದೆ ಝಲ್ಲೆಂದಿತು. ಕೂಡಲೇ ಗಾಳಿ ಪಂಪನ್ನು ರಾತ್ರಿಯೂ ನಡೆಯುವಂತೆ ಮಾಡಿ, ನೀರಿನ ಕಾಲುಭಾಗ ಬದಲಿಸಿ, ಬೇರನ್ನು ಹೊರತೆಗೆದು ಸೋಪು ಸೋಕದ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ತೊಟ್ಟಿಯೊಳಗೇ ತಿಕ್ಕಿದರೆ ತುಣುಕುಗಳು ಹರಡಿ ಫಿಲ್ಟರಿಗೆ ಸೇರುತ್ತವೆ. ಆಮೇಲೆ ವಾರಕ್ಕೆರಡು ಸಲ ಹೀಗೆಯೇ ಮಾಡಿದೆ. ಚೆರ್ರಿ ಸೀಗಡಿಗಳೂ ಬಸವನಹುಳುಗಳೂ ಬೂಷ್ಟನ್ನೇ ಮೇಯುತ್ತವಾದ್ದರಿಂದ ಆ ದಿನಗಳಲ್ಲಿ ಬೇರೆ ಆಹಾರವನ್ನು ಕಡಿಮೆ ಮಾಡಿದೆ.

ಕಟ್ಟಿಗೆಯೇ ಮೆತ್ತಗಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತು ಬೇರೆ. ಅದು ಒಳಗಿನಿಂದ ಕೊಳೆಯುತ್ತಿರುವ ಕಟ್ಟಿಗೆ, ಅದನ್ನು ಎಸೆಯಲೇಬೇಕು. ನನ್ನ ಬೇರು ಗಟ್ಟಿಯಾಗಿಯೇ ಇತ್ತು. ಮೂರನೆಯ ವಾರಕ್ಕೆ ಪೊರೆ ತೆಳುವಾಯಿತು, ಆರನೆಯ ವಾರಕ್ಕೆ ತಿಕ್ಕಲು ಏನೂ ಉಳಿದಿರಲಿಲ್ಲ. ಟ್ಯಾನಿನ್ ಇಳಿದ ನೀರು ಇನ್ನೂ ಹಾಲು ಹಾಕದ ಚಹಾದ ಕಣ್ಣಿನಂತೆ ತಿಳಿಗೆಂಪಾಗಿದೆ. ಅಪ್ಪಯ್ಯ ಈಗ ಸಂಜೆ ಅದರೆದುರು ಕುರ್ಚಿ ಹಾಕಿಕೊಂಡು, ಬೇರಿನ ಕವಲಿನಲ್ಲಿ ಸೀಗಡಿಗಳನ್ನು ಎಣಿಸುತ್ತಾರೆ.