ತಪ್ಪಿದ ಎಸೆತ ಎಲ್ಲಿ ಬೀಳುತ್ತೆ? ಡಿಸ್ಕ್ ಗಾಲ್ಫ್ ಲೇಔಟ್ ಹಾಕಿದ ಅನುಭವ

ಮೈಸೂರಿನಲ್ಲಿ ಕ್ರೀಡಾಕೂಟಗಳಿಗೆ ಮೈದಾನ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಕಬಡ್ಡಿ ಅಂಕಣ, ವಾಲಿಬಾಲ್ ಕೋರ್ಟ್ ಎಲ್ಲ ಟೇಪು ಹಿಡಿದು ಅಳೆದರೆ ಮುಗಿಯಿತು. ಡಿಸ್ಕ್ ಗಾಲ್ಫ್‌ಗೆ ಹಾಗೆ ಇಂತಿಷ್ಟೇ ಅಂತ ಅಂಗಳ ಇಲ್ಲ. ಇರುವ ಮರ, ದಿಣ್ಣೆ, ದಾರಿ, ನೀರು ನೋಡಿಕೊಂಡು ನಾವೇ ಆಟ ಕೂರಿಸಬೇಕು. ಮಂಡ್ಯದ ಹತ್ತಿರ ನಾಲೆ ಪಕ್ಕದ ಮಾವಿನ ತೋಪೊಂದರಲ್ಲಿ ಟೂರ್ನಿಗೆ 9 ಹೋಲ್ ಹಾಕಿಕೊಟ್ಟೆ. ಅಲ್ಲಿ ಏನೇನು ನೋಡಬೇಕಾಯಿತು ಅಂತ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗ ಆಗಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೀ ಅನ್ನುವ ಜಾಗದಿಂದ ಡಿಸ್ಕ್, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆ, ಎಸೆಯುತ್ತಾ ಹೋಗಿ, ಸರಪಳಿ ನೇತಾಡುವ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಒಂದು ಟೀಯಿಂದ ಅದರ ಬುಟ್ಟಿವರೆಗಿನ ದಾರಿಗೆ ಒಂದು ಹೋಲ್ ಅನ್ನುತ್ತಾರೆ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಈ ಬುಟ್ಟಿ ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1976ರಲ್ಲಿ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆ ಶುರು ಮಾಡಿದ್ದೂ ಅವರೇ. ನಾವು ಹಿಡಿದ ನಿಯಮಗಳೂ ಆ ಸಂಸ್ಥೆಯವೇ.

ಬುಟ್ಟಿ ಎಲ್ಲಿಟ್ಟರೆ ಚೆನ್ನ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ: ಕೈ ತಪ್ಪಿದ ಡಿಸ್ಕ್ ಎಲ್ಲಿಗೆ ಹೋಗುತ್ತೆ? ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ, ವೇಗ ಇಳಿದಂತೆ ಡಿಸ್ಕ್ ಎಡಕ್ಕೆ ವಾಲುತ್ತದೆ. ಎದುರು ಗಾಳಿ ಇದ್ದರೆ ಅದೇ ಡಿಸ್ಕ್ ಬಲಕ್ಕೆ ಹೊರಳುತ್ತದೆ. ನಮ್ಮ ಕಡೆ ಆಷಾಢದ ಗಾಳಿ ಪಡುವಣದಿಂದ ಎಷ್ಟು ಜೋರಾಗಿ ಬೀಸುತ್ತದೆ ಅಂತ ಗೊತ್ತಲ್ವಾ? ಆ ದಿನಗಳಲ್ಲಿ ಪಡುವಣಕ್ಕೆ ಎಸೆಯುವ ಹೋಲ್ ಇದ್ದರೆ ಬಲಗಡೆ ಜಾಸ್ತಿ ಜಾಗ ಬಿಡಬೇಕು. ಒಂದು ಹೋಲ್‌ನ ಬುಟ್ಟಿ ಪಕ್ಕದ ಹೋಲ್‌ನ ಟೀಗೆ ಹತ್ತಿರ ಬರಬಾರದು. ಎರಡು ಹೋಲ್‌ಗಳ ದಾರಿ ಒಂದನ್ನೊಂದು ದಾಟಲೇಬಾರದು. ಡಿಸ್ಕ್ ಸುಮಾರು 175 ಗ್ರಾಂ ತೂಗುತ್ತದೆ, ಅಂಚು ಚೂಪು. ತಲೆಗೆ ಬಡಿದರೆ ಆಟ ಅಲ್ಲ ಅದು.

ಆಯೋಜಕರಿಗೆ ನಾಲೆ ಏರಿ ಮೇಲೆ ಬುಟ್ಟಿ ಇಡುವ ಆಸೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಏರಿ ಮೇಲೆ ಜನ ಓಡಾಡುತ್ತಾರೆ. ತೋಪಿನ ಯಜಮಾನರನ್ನು ಕೇಳಿದೆ. "ಬೆಳಗ್ಗೆ, ಸಾಯಂಕಾಲ ಡೇರಿಗೆ ಹಾಲು ಹಾಕೋರೆಲ್ಲ ಇದೇ ದಾರಿ ಸಾರ್. ದನ ಹೊಡ್ಕೊಂಡು ಬರೋರಂತೂ ಯಾವಾಗ ಬೇಕಾದ್ರೂ ಬತ್ತಾರೆ" ಅಂದರು. ಈ ಒಂದು ಮಾತಿಂದ ಲೇಔಟ್ ದಿಕ್ಕೇ ತೀರ್ಮಾನ ಆಯಿತು. ಆ ಬದಿಯ ಹೋಲ್‌ಗಳ ಟೀಗಳನ್ನು ಏರಿ ಕೆಳಗೆ ಇಟ್ಟು, ಬುಟ್ಟಿಗಳನ್ನು ತೋಪಿನ ಒಳಗೆ ಇಟ್ಟೆ. ಎಸೆಯುವವರ ಬೆನ್ನು ದಾರಿಗೆ, ಮುಖ ಮರಗಳಿಗೆ. ನಾಲೆ ಉದ್ದಕ್ಕೆ ಹೋಗುವ ಹೋಲ್ ಒಂದೇ ಒಂದು. ಅದಕ್ಕೂ ದೊಡ್ಡ ಮಾವಿನ ಮರವೊಂದನ್ನು ಮ್ಯಾಂಡೋ ಮಾಡಿದೆ. ಅಂದರೆ ಡಿಸ್ಕ್ ಆ ಮರದ ಒಳಬದಿಯಿಂದಲೇ ಹೋಗಬೇಕು. ಏರಿ ಕಡೆಯಿಂದ ಸುತ್ತಿಸಿ ಎಸೆಯುವ ಯೋಚನೆಯೇ ಬರದಂತೆ ಆಯಿತು.

ನಾಲೆ ವಿಷಯದಲ್ಲಿ ಇನ್ನೊಂದು ಮಾತು. ಇಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರೆ. ಅಳತೆಗೆ ಹೋದ ದಿನ ತಳ ಕಾಣುತ್ತಿರುತ್ತದೆ, ಟೂರ್ನಿ ದಿನ ತುಂಬಿ ಹರಿಯಬಹುದು. ನೀರಿನ ಅಂಚನ್ನೇ ಓಬಿ (ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಎಲ್ಲೆಯ ಆಚೆ) ಗೆರೆ ಅಂದುಕೊಂಡರೆ ಗೆರೆ ದಿನಕ್ಕೊಂದು ಕಡೆ ಇರುತ್ತದೆ. ಅದಕ್ಕೇ ಏರಿಯ ಈಚೆಗೇ ಗೂಟ ಹೊಡೆದು ದಾರ ಕಟ್ಟಿಸಿದೆ. ದಾರ ದಾಟಿದರೆ ಒಂದು ಎಸೆತ ದಂಡ. ನಾಲೆಗೆ ಬಿದ್ದ ಡಿಸ್ಕ್ ಹೋಯಿತು ಅಂತಲೇ ಲೆಕ್ಕ, ಯಾರೂ ಇಳಿಯುವ ಹಾಗಿಲ್ಲ. ಇದನ್ನು ಆಟ ಶುರುವಾಗುವ ಮೊದಲು ಗಟ್ಟಿಯಾಗಿ ಹೇಳಿಸಿದೆ. ಸಾವಿರ, ಎರಡು ಸಾವಿರದ ಡಿಸ್ಕ್‌ಗಾಗಿ ಯಾರ ಮನೆ ಮಗನೂ ನಾಲೆಗೆ ಇಳಿಯಬಾರದು.

ಸುಣ್ಣದ ಗೆರೆ ಬೇಡ, ದಾರವೇ ಬೇಕು ಅಂತ ಹಟ ಹಿಡಿದದ್ದಕ್ಕೂ ಕಾರಣ ಇದೆ. ನಿಯಮದ ಪ್ರಕಾರ ಗೆರೆಯೂ ಓಬಿಗೆ ಸೇರಿದ್ದು. ಆದರೆ ಡಿಸ್ಕ್ ಪೂರ್ತಿ ಆಚೆ ಇದ್ದರೆ ಮಾತ್ರ ಓಬಿ, ಒಂದಿಷ್ಟು ಒಳಗಿದ್ದರೂ ಬಚಾವ್. ಸುಣ್ಣ ಹುಲ್ಲಿನ ಮೇಲೆ ನಾಲ್ಕು ಬೆರಳಗಲ ಹರಡಿಕೊಂಡಿರುತ್ತದೆ, ಒಳ ಅಂಚು ಯಾವುದು ಅಂತ ಹೇಳೋದು ಹೇಗೆ? ಬಿಗಿಯಾಗಿ ಎಳೆದ ದಾರವಾದರೆ ಮಂಡಿಯೂರಿ ನೋಡಿದರೆ ಸಾಕು, ಜಗಳಕ್ಕೆ ಜಾಗವಿಲ್ಲ.

ತೋಪಿನ ಅಂಚಿಗೆ ಒಂದಷ್ಟು ತೆಂಗಿನ ಮರಗಳೂ ಇದ್ದವು. ಆಟಗಾರರು ಸರದಿಗೆ ಕಾಯುವ ಜಾಗ ಅವುಗಳ ಕೆಳಗೆ ಬರದಂತೆ ಟೀ ಸರಿಸಿದೆ. ಆಚೆ ಕಬ್ಬಿನ ಗದ್ದೆ. ಕಬ್ಬಿನೊಳಗೆ ಹೋದ ಡಿಸ್ಕ್ ಹುಡುಕಲು ನಿಯಮದಲ್ಲಿ 3 ನಿಮಿಷ ಇದೆ. ಅಷ್ಟರಲ್ಲಿ ಹತ್ತು ಜನ ನುಗ್ಗಿ ರೈತನ ಬೆಳೆ ತುಳಿದಿರುತ್ತಾರೆ. ಅದಕ್ಕೆ ಗದ್ದೆಯನ್ನೂ ಓಬಿ ಮಾಡಿ, ಬದುವಿನ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿದೆ. ಡಿಸ್ಕ್ ಎಲ್ಲಿ ಹೊಕ್ಕಿತು ಅಂತ ನೋಡಿ, ತಂದುಕೊಡುವುದು ಅವನೊಬ್ಬನದೇ ಕೆಲಸ.

ಕೊನೆಗೆ ಹೊತ್ತಿನ ಲೆಕ್ಕ. ನಾಲ್ಕು ನಾಲ್ಕು ಜನರ ಗುಂಪು ಮಾಡಿ 9 ಹೋಲ್‌ಗಳಿಂದಲೂ ಒಟ್ಟಿಗೆ ಶುರು ಮಾಡಿಸಿದರೆ 36 ಜನ ಏಕಕಾಲಕ್ಕೆ ಆಡಬಹುದು. ಮೊದಲ ಸುತ್ತನ್ನು ಬೆಳಗಿನ ಹಾಲಿನ ಹೊತ್ತು ಕಳೆದ ಮೇಲೆ ಇಟ್ಟೆ. ಎರಡನೆಯದು ಊಟ ಆದ ತಕ್ಷಣ, ಸಾಯಂಕಾಲದ ಹಾಲಿಗೆ ಮುಂಚೆ ಮುಗಿಯುವ ಹಾಗೆ. ಆಯೋಜಕರು ಸಂಜೆ ತಂಪಿನಲ್ಲಿ ಫೈನಲ್ ಆಡಿಸೋಣ ಅಂದರು. ಆಡಿಸಿ, ಆದರೆ ಏರಿಯಿಂದ ದೂರ ಇರುವ ಎರಡು ಹೋಲ್‌ಗಳಲ್ಲಿ ಮಾತ್ರ ಅಂದೆ. ಒಪ್ಪಿದರು.