ಕಾದು ಟೈರ್ ಬದಲಿಸಿದವರು

ದೀಪಾವಳಿ ಪಾಡ್ಯದ ಮರುದಿನ, 2024ರ ನವೆಂಬರ್ 3, ಭಾನುವಾರ. ರಾತ್ರಿ ಒಂಬತ್ತಕ್ಕೆ ಅಂಗಡಿ ಶಟರ್ ಅರ್ಧ ಎಳೆದು, ಮೊಬೈಲನ್ನು ಕಂಪ್ರೆಸರ್‌ಗೆ ಒರಗಿಸಿಟ್ಟು ಕೂತಿದ್ದೆ. ಗಂಗಾವತಿಯಲ್ಲಿ ನಮ್ಮದು ಟೈರ್ ಅಂಗಡಿ. ಭತ್ತದ ಕೊಯ್ಲಿನ ಸಮಯದಲ್ಲಿ ಲಾರಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತವೆ. ಹಾಗಾಗಿ ಪೂರ್ತಿ ಬಾಗಿಲು ಹಾಕುವುದಿಲ್ಲ.

ನೋಡುತ್ತಿದ್ದದ್ದು ಫಾರ್ಮುಲಾ ಒನ್ ಕಾರ್ ರೇಸ್. ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಜೋರು ಮಳೆ. ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ, ಶನಿವಾರ ನಡೆಯಬೇಕಿದ್ದ ಕ್ವಾಲಿಫೈಯಿಂಗ್ ಮಳೆಯಿಂದಾಗಿ ಭಾನುವಾರ ಬೆಳಿಗ್ಗೆ ನಡೆಯಿತು. ಅದೇ ದಿನ ರೇಸ್ ಕೂಡ. ಮೊದಲ ಜಾಗ ಮೆಕ್ಲಾರೆನ್‌ನ ಲ್ಯಾಂಡೊ ನಾರಿಸ್‌ಗೆ. ಮ್ಯಾಕ್ಸ್ ವರ್ಸ್ಟಾಪನ್ ಹೊರಟಿದ್ದು 17ನೇ ಜಾಗದಿಂದ. ಹೊಸ ಎಂಜಿನ್ ಹಾಕಿದ್ದಕ್ಕೆ ಐದು ಜಾಗ ಹಿಂದೆ ಹೋಗುವ ದಂಡ ಬೇರೆ ಬಿದ್ದಿತ್ತು. ಆಲ್ಪೀನ್ ತಂಡದ ಎಸ್ಟೆಬಾನ್ ಓಕಾನ್ ನಾಲ್ಕನೇ ಜಾಗದಲ್ಲಿದ್ದ, ಪಿಯೆರ್ ಗ್ಯಾಸ್ಲಿ 13ರಲ್ಲಿ.

ನನ್ನ ಕಣ್ಣು ಯಾವಾಗಲೂ ಟೈರ್ ಮೇಲೆ. ಮಳೆಗೆ ಅಲ್ಲಿ ಎರಡು ಬಗೆ. ಹಸಿರು ಪಟ್ಟಿಯದು ಇಂಟರ್‌ಮೀಡಿಯೆಟ್, ನೀಲಿ ಪಟ್ಟಿಯದು ಫುಲ್ ವೆಟ್. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹಸಿರು ಪಟ್ಟಿಯ ಟೈರ್ ಸೆಕೆಂಡಿಗೆ 30 ಲೀಟರ್ ನೀರು ಹೊರಗೆ ಚೆಲ್ಲುತ್ತದೆ, ನೀಲಿಯದು 85 ಲೀಟರ್. ನಮ್ಮ ಕೊಡದ ಲೆಕ್ಕದಲ್ಲಿ ಯೋಚಿಸಿ ನೋಡಿ. ಆದರೆ ಗ್ರಿಪ್ ಸವೆದಷ್ಟೂ ನೀರು ಹೊರಗೆ ಹೋಗುವುದು ಕಡಿಮೆ. ಎರೆ ಮಣ್ಣಿನಲ್ಲಿ ಓಡಾಡಿ ಬಂದ ಟ್ರಾಲಿ ಟೈರ್ ನೋಡಿದವರಿಗೆ ಇದು ಗೊತ್ತು. ಗ್ರಿಪ್‌ನ ಸಂದುಗಳಲ್ಲಿ ಮಣ್ಣು ಕೂತು ಗಟ್ಟಿಯಾಗಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಕು. ಸಂದು ತುಂಬಿದ ಟೈರು ಸವೆದ ಟೈರಿನ ಹಾಗೇ ಜಾರುತ್ತದೆ.

ರೇಸ್ ತಿರುಗಿದ್ದು 30ನೇ ಸುತ್ತಿನ ಹತ್ತಿರ. ಹ್ಯೂಲ್ಕೆನ್‌ಬರ್ಗ್ ಕಾರು ಮೊದಲ ತಿರುವಿನಲ್ಲಿ ಹೊರಗೆ ಹೋಗಿ ನಿಂತಿತು. ವರ್ಚುವಲ್ ಸೇಫ್ಟಿ ಕಾರ್ ಅನ್ನುವ ಸೂಚನೆ ಬಂತು, ಎಲ್ಲರೂ ನಿಧಾನ ಮಾಡಬೇಕು. ಆಗ ಟೈರ್ ಬದಲಿಸುವ ಜಾಗಕ್ಕೆ, ಅಂದರೆ ಪಿಟ್‌ಗೆ ಹೋದರೆ ಸಮಯ ಕಡಿಮೆ ನಷ್ಟ. ಮುಂದಿದ್ದ ಜಾರ್ಜ್ ರಸೆಲ್, ನಾರಿಸ್ ಇಬ್ಬರೂ ಹೋಗಿ ಟೈರ್ ಬದಲಿಸಿದರು. ಓಕಾನ್, ವರ್ಸ್ಟಾಪನ್, ಗ್ಯಾಸ್ಲಿ ಹೋಗಲಿಲ್ಲ. ಸವೆದ ಹಸಿರು ಟೈರಿನಲ್ಲೇ ಓಡಿಸಿದರು. ಮಳೆ ಮಾತ್ರ ಜಾಸ್ತಿಯೇ ಆಯಿತು. ಎಲ್ಲರ ಮುಂದೆ ನಿಧಾನಕ್ಕೆ ಓಡುವ ನಿಜವಾದ ಸೇಫ್ಟಿ ಕಾರನ್ನೇ ಬಿಟ್ಟರು. ಅದರ ಹಿಂದೆ ಹೋಗುವಾಗಲೇ ಕೊಲಾಪಿಂಟೊ ಗೋಡೆಗೆ ಗುದ್ದಿದ. ಕೆಂಪು ಬಾವುಟ, ರೇಸ್ ನಿಂತಿತು.

ಅದೇ ಹೊತ್ತಿಗೆ ನಮ್ಮ ಅಂಗಡಿ ಮುಂದೆ ಭತ್ತದ ಲಾರಿ. ಹಿಂದಿನ ಟೈರ್ ಪಂಕ್ಚರ್. ಡ್ರೈವರ್ ಕಾಕಾ ಮೊಬೈಲ್ ಕಡೆ ಬಗ್ಗಿ ನೋಡಿ, "ಏನ್ ತಮ್ಮಾ, ಗಾಡಿ ಎಲ್ಲಾ ನಿಂತಾವಲ್ಲ?" ಅಂದರು. ರೇಸ್ ನಿಂತಾಗ ಟೈರ್ ಬದಲಿಸಬಹುದು, ಜಾಗ ಹೋಗುವುದಿಲ್ಲ ಅಂತ ಹೇಳಿದೆ. "ಹಂಗಾದ್ರ ಮೊದ್ಲು ಬದಲಿ ಮಾಡಿದವ್ರಿಗೆ ಲುಕ್ಸಾನ್ ಆತಲ್ಲ!" ಅಂದರು. ಅಷ್ಟೇ ವಿಷಯ. ನನಗೆ ಹೇಳಲು ಐದು ನಿಮಿಷ ಬೇಕಾಗುತ್ತಿತ್ತು.

ಟೈರ್ ಬದಲಿಸದೆ ಉಳಿದ ಮೂವರದು ಅದೃಷ್ಟ ಅಂತ ತುಂಬ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಕೆಂಪು ಬಾವುಟದ ಲಾಭ ಸಿಗುವುದು ಅಲ್ಲಿಯವರೆಗೆ ರಸ್ತೆ ಮೇಲೆ ಉಳಿದವನಿಗೆ. ಹೊಸ ಟೈರ್ ಹಾಕಿದವರೇ ತಡಕಾಡುತ್ತಿದ್ದ ಆ ನೀರಿನಲ್ಲಿ, ಸವೆದ ಟೈರಲ್ಲಿ ಕಾರನ್ನು ಜಾರದಂತೆ ಹಿಡಿದಿದ್ದು ಕೈಯ ಕೆಲಸ. ಅಂಗಡಿಯಲ್ಲಿ "ಇನ್ನೊಂದ್ ಟ್ರಿಪ್ ಹೊಡಿತೈತಿ" ಅನ್ನುವವರಿಗೆ ನಾನು ದಿನಾ ಬೇಡ ಅಂತ ಬುದ್ಧಿ ಹೇಳುತ್ತೇನೆ. ಅದಕ್ಕೇ ಹೇಳುತ್ತಿದ್ದೇನೆ, ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮತ್ತೆ ಶುರುವಾದಾಗ ಮುಂದೆ ಓಕಾನ್. ಸೈನ್ಸ್ ಕಾರು ಗುದ್ದಿಕೊಂಡು ಇನ್ನೊಂದು ಸೇಫ್ಟಿ ಕಾರ್ ಬಂತು. ಅದು ಹೊರಗೆ ಹೋದ ತಕ್ಷಣ ವರ್ಸ್ಟಾಪನ್ ಮೊದಲ ತಿರುವಿನಲ್ಲೇ ಒಳಗಿನಿಂದ ನುಗ್ಗಿ ಓಕಾನ್‌ನನ್ನು ದಾಟಿದ. ಅದೇ ತಿರುವಿನಲ್ಲಿ ನಾರಿಸ್ ಅಗಲಕ್ಕೆ ಹೋಗಿ ಹಿಂದೆ ಬಿದ್ದ. ಆಮೇಲೆ ವರ್ಸ್ಟಾಪನ್ ಕಾಣಿಸಲೇ ಇಲ್ಲ. 19 ಸೆಕೆಂಡ್ ಮುಂದೆ ಮುಗಿಸಿದ. ಹತ್ತು ರೇಸ್‌ಗಳಿಂದ ಗೆಲುವು ಇರಲಿಲ್ಲ ಅವನಿಗೆ. ನಾರಿಸ್ ಆರನೆಯವನು.

ಆದರೆ ನನ್ನ ಮನಸ್ಸು ನಿಂತಿದ್ದು ಆಲ್ಪೀನ್ ಮೇಲೆ. ಓಕಾನ್ ಎರಡು, ಗ್ಯಾಸ್ಲಿ ಮೂರು. ತಂಡಗಳ ಪಾಯಿಂಟ್ ಪಟ್ಟಿಯಲ್ಲಿ ವರ್ಷವಿಡೀ ಒಂಬತ್ತನೇ ಜಾಗದ ಸುತ್ತ ಒದ್ದಾಡುತ್ತಿದ್ದ ತಂಡ, ಒಂದೇ ದಿನ 33 ಪಾಯಿಂಟ್ ಗಳಿಸಿ ಆರಕ್ಕೆ ಏರಿತು. ಆಲ್ಪೀನ್‌ನ ಒಡೆಯ ರೆನೋ ಕಂಪನಿ ಫಾರ್ಮುಲಾ ಒನ್ ಎಂಜಿನ್ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂತ ಒಂದು ತಿಂಗಳ ಹಿಂದಷ್ಟೇ ಹೇಳಿತ್ತು. ಆ ಎಂಜಿನ್ ಮಾಡುವ ಕೈಗಳು ಆ ರಾತ್ರಿ ಟಿವಿ ಮುಂದೆ ಹೇಗೆ ಕೂತಿದ್ದವೋ. ಅದೇ ವರ್ಷ ಮೊನಾಕೊದಲ್ಲಿ ಮೊದಲ ಸುತ್ತಿನಲ್ಲೇ ಓಕಾನ್ ತನ್ನದೇ ತಂಡದ ಗ್ಯಾಸ್ಲಿಗೆ ಗುದ್ದಿದ್ದ. ಈಗ ಇಬ್ಬರೂ ಒಂದೇ ವೇದಿಕೆ ಮೇಲೆ. ಇಬ್ಬರೂ ಫ್ರಾನ್ಸ್‌ನ ನಾರ್ಮಂಡಿಯವರು, ಚಿಕ್ಕಂದಿನಿಂದ ಕಾರ್ಟಿಂಗ್‌ನಲ್ಲಿ ಒಟ್ಟಿಗೆ ಇದ್ದವರು.

ಓಕಾನ್ ಅಪ್ಪ ಗ್ಯಾರೇಜ್ ಮೆಕ್ಯಾನಿಕ್. ಮಗನ ರೇಸಿಂಗ್‌ಗಾಗಿ ಮನೆ ಮಾರಿ, ಕುಟುಂಬವೆಲ್ಲ ಕ್ಯಾರವಾನ್‌ನಲ್ಲಿ ಬದುಕಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತಾ ನಮ್ಮ ಅಪ್ಪನಿಗೆ ಇದನ್ನು ಹೇಳಿದೆ. ಈ ಅಂಗಡಿ ಶುರು ಮಾಡಿದವರು ಅವರೇ. ಸುಮ್ನೆ ಕೇಳಿಸಿಕೊಂಡರು. ಕಪ್ ಕೆಳಗಿಟ್ಟು, "ಹುಡುಗ ಎರಡನೇದು ಬಂದಾನಂದ್ರ, ಅವರಪ್ಪ ರಾತ್ರಿ ಮಲಗಿರಲಿಕ್ಕಿಲ್ಲ ಬಿಡು" ಅಂದರು.